ಹತ್ತನೇ ತರಗತಿಯ ಕೊನೆಯ ಮೂರು ತಿಂಗಳು: ಪಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಾಗಲಕೋಟೆ ಜಿಲ್ಲೆ ಬಾದಾಮಿ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಬಂದ ಮೇಲೆ ನಮ್ಮ ಶಾಲೆಗೆ ಒಂದು ಅವಸರ ಹತ್ತಿಕೊಳ್ಳುತ್ತದೆ. ಸಂತೆಯಲ್ಲಿ ಸಿಕ್ಕವರು, ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು, ಗೇಟಿನ ಹೊರಗೆ ಬೈಕ್ ಮೇಲೆ ಕೂತೇ ಮಾತಾಡಿಸುವವರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆ. ಹೇಳಿದ್ದನ್ನೇ ಹೇಳಿ ನನಗೂ ಬಾಯಿಪಾಠ ಆಗಿದೆ. ಹಾಗಾಗಿ ಈ ಸಲ ಬರೆದಿಟ್ಟಿದ್ದೇನೆ.

ಈ ಮೂರು ತಿಂಗಳಲ್ಲಿ ಶಾಲೆಯಲ್ಲಿ ಏನೇನು ನಡೆಯುತ್ತದೆ?

ಜನವರಿಯಲ್ಲಿ ಉಳಿದ ಪಾಠ ಮುಗಿಸುವ ಗಡಿಬಿಡಿ, ಜೊತೆಗೆ ಗ್ಯಾದರಿಂಗ್ (ಶಾಲೆಯ ವಾರ್ಷಿಕೋತ್ಸವ), 26ಕ್ಕೆ ಗಣರಾಜ್ಯೋತ್ಸವ. ಫೆಬ್ರುವರಿಯಲ್ಲಿ ಪುನರಾವರ್ತನೆ, ಪೂರ್ವಸಿದ್ಧತಾ ಪರೀಕ್ಷೆ, ಪೇಪರ್ ತಿದ್ದಿ ಪಾಲಕರ ಸಭೆ. ಮಾರ್ಚ್ ಶುರುವಿಗೆ ಸರಸ್ವತಿ ಪೂಜೆ, ಬೀಳ್ಕೊಡುಗೆ. ಮಾರ್ಚ್ ದ್ವಿತೀಯಾರ್ಧಕ್ಕೆ ಬೋರ್ಡ್ ಪರೀಕ್ಷೆ. ಇದು ಶಾಲೆಯ ಕ್ಯಾಲೆಂಡರ್. ಊರಿನದು ಬೇರೆ ಇದೆ: ಬನಶಂಕರಿ ಜಾತ್ರೆ, ಸಂಕ್ರಮಣ, ಕಡಲೆ-ಜೋಳದ ಸುಗ್ಗಿ, ಶಿವರಾತ್ರಿ, ಹೋಳಿ. ಶಾಲೆಯದು ಬೆಂಗಳೂರಿನಲ್ಲಿ ತಯಾರಾಗುತ್ತದೆ, ಊರಿನದು ಮಳೆ ಮತ್ತು ಹುಣ್ಣಿಮೆ ನೋಡಿಕೊಂಡು. ಎರಡೂ ಡಿಕ್ಕಿ ಹೊಡೆಯುವುದು ಈ ಮೂರು ತಿಂಗಳಲ್ಲೇ. ಕೆಳಗಿನ ಅರ್ಧ ಪ್ರಶ್ನೆಗಳು ಹುಟ್ಟಿದ್ದು ಆ ಡಿಕ್ಕಿಯಿಂದ.

ಪರೀಕ್ಷೆ ಇಷ್ಟು ಹತ್ತಿರ ಇರುವಾಗ ಗ್ಯಾದರಿಂಗ್ ಯಾಕೆ ಬೇಕು ಸರ್?

"ಹಾಡ, ಕುಣಿತ ಅಂತ ತಿಂಗಳ ಕಳದ್ರಿ, ಇವು ಓದೂದ್ಯಾವಾಗ?" ಅಂತ ಸಭೆಯಲ್ಲಿ ಎದ್ದು ನಿಂತು ಕೇಳಿದವರಿದ್ದಾರೆ. ಅವರ ಸಿಟ್ಟು ಸುಳ್ಳಲ್ಲ. ಒಂದು ವರ್ಷ ನಾನೂ ಅವರ ಮಾತೇ ಸರಿ ಅಂದುಕೊಂಡು, ಹತ್ತನೇ ತರಗತಿಯವರು ಗ್ಯಾದರಿಂಗಿನ ಕಡೆ ತಲೆ ಹಾಕುವುದೇ ಬೇಡ ಅಂತ ಪಟ್ಟು ಹಿಡಿದೆ. ಒಂಬತ್ತನೆಯವರು ನೋಡಿಕೊಳ್ಳಲಿ, ಇವರು ಓದಲಿ ಅಂತ ನನ್ನ ಲೆಕ್ಕ. ಆಗಿದ್ದೇನು? ಹೊರಗೆ ತಾಲೀಮು, ಒಳಗೆ ಇವರು ಪುಸ್ತಕ ಬಿಚ್ಚಿಟ್ಟು ಕಿವಿಯನ್ನು ಕಿಟಕಿಗೆ ಕೊಟ್ಟು ಕೂತರು. ಒಂದು ಪಾಠವೂ ತಲೆಗೆ ಹೋಗಲಿಲ್ಲ. ಅದಾದರೂ ಹೋಗಲಿ. ಫೆಬ್ರುವರಿಯಲ್ಲಿ ಗುಂಪು ಮಾಡಿ ಓದಲು ಕೂಡಿಸಿದರೆ ಒಬ್ಬರ ನೋಟ್ಸ್ ಇನ್ನೊಬ್ಬರಿಗೆ ಕೊಡುವವರಿಲ್ಲ. ಒಟ್ಟಿಗೆ ಒಂದು ಕೆಲಸ ಮಾಡಿ ಗೊತ್ತಿಲ್ಲದವರು ಒಟ್ಟಿಗೆ ಓದುವುದಾದರೂ ಹೇಗೆ? ತಪ್ಪು ನನ್ನದೇ.

ಮರುವರ್ಷ ಗ್ಯಾದರಿಂಗಿನ ಪೂರ್ತಿ ಜವಾಬ್ದಾರಿ ಹತ್ತನೆಯವರಿಗೇ ಕೊಟ್ಟೆವು. ತರಗತಿಯಲ್ಲಿ ಬಾಯಿಯೇ ಬಿಡದ ಒಬ್ಬ ಹುಡುಗ ಇದ್ದ. ಹಾಡಲು ಬರಲ್ಲ, ಕುಣಿಯಲು ನಾಚಿಕೆ. ಅವನಿಗೆ ಪೆಂಡಾಲ್, ಕುರ್ಚಿ, ಮೈಕಿನ ಲೆಕ್ಕ ಒಪ್ಪಿಸಿದೆವು. ಅವನು ಪೆಂಡಾಲಿನವರ ಜೊತೆ ಚೌಕಾಸಿ ಮಾಡಿದ್ದು ನೋಡಬೇಕಿತ್ತು. ತಗಡಿನ ಕುರ್ಚಿ ಬೇಡ, ಪ್ಲಾಸ್ಟಿಕ್ಕಿನವು ಕೊಡಿ, ಮುರಿದವು ನಾಲ್ಕು ಇವೆ, ಅವನ್ನು ಲೆಕ್ಕದಲ್ಲಿ ಹಿಡಿಯಲ್ಲ ಅಂತ ನೇರ ಹೇಳಿದ. ಮರುದಿನ ಜಮಾ-ಖರ್ಚು ಬರೆದ ಎರಡು ಹಾಳೆ ತಂದು ನನ್ನ ಟೇಬಲ್ ಮೇಲೆ ಇಟ್ಟ. ಒಂದು ರೂಪಾಯಿ ಆಚೀಚೆ ಇಲ್ಲ. ಆ ಮೇಲೆ ಓದಿನ ಗುಂಪಿನಲ್ಲಿ ಅವನು "ಈ ಲೆಕ್ಕ ಹಿಂಗಲ್ಲಪಾ" ಅಂದರೆ ಉಳಿದವರು ಪೆನ್ನು ನಿಲ್ಲಿಸಿ ಕೇಳುತ್ತಿದ್ದರು.

ಹಾಗಂತ ತಿಂಗಳುಗಟ್ಟಲೆ ತಾಲೀಮು ಇಲ್ಲ. ಎರಡೇ ವಾರ, ಅದೂ ಮಧ್ಯಾಹ್ನ ಮೂರೂವರೆ ಆದ ಮೇಲೆ.

ಸಂಜೆ ಓದು ಕಡ್ಡಾಯವಾ? ಹೆಣ್ಣುಮಕ್ಕಳನ್ನು ಹೇಗೆ ಕಳಿಸೋದು?

ಕಡ್ಡಾಯ ಅಲ್ಲ. ಆದರೆ ಬರಲಿ ಅಂತ ನಮ್ಮ ಆಸೆ. ಫೆಬ್ರುವರಿಯಿಂದ ಸಂಜೆ ಐದರಿಂದ ಎಂಟರವರೆಗೆ ಇರುತ್ತದೆ. ಇಬ್ಬರು ಶಿಕ್ಷಕರು ಸರದಿಯ ಮೇಲೆ ಉಳಿಯುತ್ತೇವೆ. ಅವರಲ್ಲಿ ಒಬ್ಬರು ಅಕ್ಕೋರು, ಅಂದರೆ ಶಿಕ್ಷಕಿ, ಇರಲೇಬೇಕು ಅಂತ ನಾವೇ ಹಾಕಿಕೊಂಡ ನಿಯಮ. ಹೆಣ್ಣುಮಕ್ಕಳನ್ನು ಓಣಿಯ ಪ್ರಕಾರ ಗುಂಪು ಮಾಡಿ, ಆ ಓಣಿಯ ಒಬ್ಬ ಪಾಲಕರು ಬಂದು ಕರೆದುಕೊಂಡು ಹೋಗುವ ಪದ್ಧತಿ ಇದೆ. ಪಕ್ಕದ ಹಳ್ಳಿಯವರಿಗೆ ಬಸ್ ಹೊತ್ತು ಹೊಂದುವುದಿಲ್ಲ, ಅವರಿಗೆ ಬೆಳಿಗ್ಗೆ ಎಂಟಕ್ಕೇ ತರಗತಿ ತೆರೆಯುತ್ತೇವೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಬಸ್ ಖರ್ಚಿನ ಚಿಂತೆ ಇಲ್ಲ. ಬಸ್ಸೇ ಬರದಿದ್ದರೆ ಅದು ಬೇರೆ ಕಥೆ.

ಆ ಮೂರು ತಾಸು ಹೇಗಿರುತ್ತದೆ ಅಂತ ಒಮ್ಮೆ ಬಂದು ನೋಡಿ. ಮೊದಲ ಒಂದು ತಾಸು ಯಾರೂ ಮಾತಾಡುವಂತಿಲ್ಲ. ಆಮೇಲೆ ಗುಂಪು. ಐದು ಮಂದಿಗೆ ಒಂದು ಗುಂಪು, ಒಬ್ಬರು ಪ್ರಶ್ನೆ ಕೇಳಬೇಕು, ಉಳಿದವರು ಪುಸ್ತಕ ಮುಚ್ಚಿ ಉತ್ತರ ಹೇಳಬೇಕು. ಏಳಕ್ಕೆ ಊಟದ ಬಿಡುವು. ಬಿಸಿಯೂಟ ಮಧ್ಯಾಹ್ನಕ್ಕೆ ಮಾತ್ರ, ಸಂಜೆಗೆ ಸರ್ಕಾರದ್ದೇನೂ ಇಲ್ಲ, ಎಲ್ಲ ಮನೆಯಿಂದ ಬಂದದ್ದು. ವರಾಂಡದಲ್ಲಿ ಪೇಪರ್ ಹಾಸಿ ರೊಟ್ಟಿ ಗಂಟು ಬಿಚ್ಚುತ್ತಾರೆ. ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ಯಾರದೋ ಮನೆಯ ಬದನೆಕಾಯಿ ಎಣ್ಣೆಗಾಯಿ ಬಂದರೆ ಅಂದು ಹಬ್ಬ. ಯಾರ ಗಂಟು ಯಾರದು ಅಂತ ಐದು ನಿಮಿಷದಲ್ಲಿ ಗೊತ್ತಾಗದಂತೆ ಆಗುತ್ತದೆ. ಮನೆಯಿಂದ ಏನೂ ತರಲಾಗದ ಮಕ್ಕಳೂ ಇದ್ದಾರೆ. ಅವರು ಯಾರು ಅಂತ ನಮಗೆ ಗೊತ್ತು, ಮಕ್ಕಳಿಗೂ ಗೊತ್ತು. ಅದಕ್ಕೇ ಗಂಟು ಒಬ್ಬೊಬ್ಬರೇ ಬಿಚ್ಚುವುದಿಲ್ಲ, ಎಲ್ಲ ನಡುವೆ ಇಟ್ಟು ಬಿಚ್ಚುತ್ತಾರೆ. ಇದನ್ನು ನಾವು ಹೇಳಿಕೊಟ್ಟದ್ದಲ್ಲ.

"ಸರ್, ಇವ ಮನ್ಯಾಗ ಓದಾಕ ಕುಂದ್ರೂದ ಇಲ್ರೀ." ಏನು ಮಾಡೋದು?

ಕೋಣೆಯಲ್ಲಿ ಕೂಡಿಸಿ ಬಾಗಿಲು ಹಾಕಬೇಡಿ. ಪರೀಕ್ಷೆ ಅಂದ್ರೆ ಮಗುವನ್ನು ಎಲ್ಲದರಿಂದ ಬಿಡಿಸಿ ಒಂಟಿ ಮಾಡುವುದು ಅಂತ ನಮ್ಮ ಜನಕ್ಕೆ ಯಾರು ಕಲಿಸಿದರೋ ಗೊತ್ತಿಲ್ಲ. ಹದಿನೈದು ಹದಿನಾರರ ಹುಡುಗ ಒಬ್ಬನೇ ನಾಲ್ಕು ತಾಸು ಗೋಡೆ ನೋಡುತ್ತ ಕೂರುವುದು ಓದಲ್ಲ, ಶಿಕ್ಷೆ. ನಾನು ಕಂಡ ಮಟ್ಟಿಗೆ ನಮ್ಮ ಮಕ್ಕಳು ಚೆನ್ನಾಗಿ ಓದುವುದು ಜೊತೆ ಇದ್ದಾಗ. ಒಬ್ಬ ಗೆಳೆಯನನ್ನು ಮನೆಗೆ ಕರೆಸಿ, ಇಲ್ಲ ಇವನನ್ನು ಅವರ ಮನೆಗೆ ಕಳಿಸಿ. ಇಬ್ಬರೂ ಸೇರಿ ಹರಟೆ ಹೊಡೆಯುತ್ತಾರೆ ಅನ್ನುತ್ತೀರಿ. ಹೊಡೆಯಲಿ, ಹದಿನೈದು ನಿಮಿಷ. ಆಮೇಲೆ ಒಬ್ಬ ಓದಿದರೆ ಇನ್ನೊಬ್ಬನಿಗೆ ಸುಮ್ನೆ ಕೂರಲು ಆಗುವುದಿಲ್ಲ.

ನಿಮಗೆ ಓದು ಬರದಿದ್ದರೂ ಒಂದು ಕೆಲಸ ಮಾಡಬಹುದು. "ಇವತ್ತ ಏನ್ ಓದಿದಿ, ನನಗ ಹೇಳು" ಅನ್ನಿ. ಅವ್ವನಿಗೆ ಅರ್ಥವಾಗುವ ಹಾಗೆ ದ್ಯುತಿಸಂಶ್ಲೇಷಣೆ ಹೇಳಿದವನು ಪರೀಕ್ಷೆಯಲ್ಲೂ ಬರೆಯುತ್ತಾನೆ.

ಬನಶಂಕರಿ ಜಾತ್ರೆಗೆ ಕರೆದುಕೊಂಡು ಹೋಗಬಹುದಾ?

ಹೋಗಿ. ಬಾದಾಮಿ ಸುತ್ತಲಿನವರಿಗೆ ಬನದ ಹುಣ್ಣಿಮೆ ತಪ್ಪಿಸು ಅಂದರೆ ಯಾರು ಕೇಳುತ್ತಾರೆ? ರಥೋತ್ಸವದ ದಿನ ಹೋಗಿ ಬರಲಿ. ಮನೆಯವರೆಲ್ಲ ಸೇರಿ ಒಂದು ನಾಟಕ ನೋಡಿದರೂ ನನ್ನ ತಕರಾರಿಲ್ಲ. ತಕರಾರು ಇರುವುದು ಆಮೇಲಿನದಕ್ಕೆ. ಜಾತ್ರೆ ತಿಂಗಳುಗಟ್ಟಲೆ ಇರುತ್ತದೆ, ನಾಟಕ ಕಂಪನಿಗಳು ಅಷ್ಟೂ ದಿನ ಅಲ್ಲೇ ಠಿಕಾಣಿ ಹೂಡಿರುತ್ತವೆ. ಗೆಳೆಯರ ಬೈಕ್ ಹತ್ತಿ ರಾತ್ರಿಯ ಎರಡನೇ ಆಟಕ್ಕೆ ಹೋಗಿ ಬೆಳಗಿನ ಜಾವ ಬಂದವರು ನನ್ನ ಮೊದಲ ಪಿರಿಯಡ್‌ನಲ್ಲಿ ಬೆಂಚಿಗೆ ಹಣೆ ಹಚ್ಚಿರುತ್ತಾರೆ. ಒಬ್ಬನನ್ನು ಎಬ್ಬಿಸಿ ಪದ್ಯದ ಸಾರಾಂಶ ಕೇಳಿದರೆ ನಿದ್ದೆಗಣ್ಣಲ್ಲಿ ನಾಟಕದ ಡೈಲಾಗ್ ಹೇಳಿದ. ಚೆನ್ನಾಗೇ ಹೇಳಿದ, ಆ ಮಾತು ಬೇರೆ. ಗ್ಯಾದರಿಂಗಿನಲ್ಲಿ ಅವನಿಗೇ ಮುಖ್ಯ ಪಾತ್ರ ಕೊಟ್ಟೆವು.

ಸುಗ್ಗಿ ಟೈಮು. ನಾಲ್ಕು ದಿನ ಬಿಡಿಸಿಕೊಳ್ಳಲಾ?

ಈ ಪ್ರಶ್ನೆಗೆ ಬೆಂಗಳೂರಿನಲ್ಲಿ ಕೂತವರು "ಕೂಡದು" ಅಂತ ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಕಡಲೆ ಕೀಳುವ ಹೊತ್ತಿಗೆ ಆಳು ಸಿಗದೆ ಪರದಾಡುವ ಮನೆಯಲ್ಲಿ ಬೆಳೆದ ನನಗೆ ಅಷ್ಟು ಸುಲಭಕ್ಕೆ ಬರುವುದಿಲ್ಲ. ಭಾನುವಾರ ಹೋಗಲಿ. ಮಂಜು ಆರುವ ಮೊದಲು ಬೆಳಿಗ್ಗೆ ಎರಡು ತಾಸು ಕೈ ಹಾಕಲಿ, ಒಂಬತ್ತೂವರೆಗೆ ಶಾಲೆಯಲ್ಲಿರಲಿ. ಶಾಲೆ ಬಿಡಿಸುವುದು ಮಾತ್ರ ಬೇಡ. ನಾಲ್ಕು ದಿನ ಅಂತ ಹೋದವರು ಹದಿನಾಲ್ಕು ದಿನಕ್ಕೆ ಬರುತ್ತಾರೆ. ಬಂದಾಗ ಗುಂಪು ಮುಂದೆ ಹೋಗಿರುತ್ತದೆ, ಇವರಿಗೆ ಕೇಳಲು ಸಂಕೋಚ.

ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಲು ಅಡ್ಡಿಯಾಗುತ್ತದೆ ಅನ್ನುವುದೂ ನೆನಪಿರಲಿ.

ರಾತ್ರಿ ಪಂಪ್‌ಸೆಟ್‌ಗೆ ತ್ರೀಫೇಸ್ ಕರೆಂಟ್ ಬಂದಾಗ ನೀರು ಹಾಯಿಸಲು ಹುಡುಗನನ್ನು ಕಳಿಸುವುದಂತೂ ಬೇಡವೇ ಬೇಡ. ನಿದ್ದೆಗೆಟ್ಟ ಹುಡುಗ, ಹಾವು, ಕತ್ತಲೆ. ಗುಳೇದಗುಡ್ಡದ ಕಡೆಯ ನೇಕಾರರ ಮನೆಯವರಿಗೂ ಒಂದು ಮಾತು: ಕಂಡಿಕೆ ಸುತ್ತುವ ಕೆಲಸ ಶಾಲೆಯಿಂದ ಬಂದ ಮೇಲೆ ಅರ್ಧ ತಾಸು ಪರವಾಗಿಲ್ಲ. ಮಗ್ಗದ ಸದ್ದಿನ ನಡುವೆ ಓದಲು ಹೇಳಬೇಡಿ. ಶಾಲೆಗೆ ಕಳಿಸಿ, ಇಲ್ಲಿ ಜಾಗ ಇದೆ.

ನಾವು ಗೋವಾಕ್ಕೆ ದುಡಿಯಲು ಹೋಗಿದ್ದೇವೆ, ಮಗಳು ಅಜ್ಜಿ ಹತ್ತಿರ ಇದ್ದಾಳೆ. ಸಭೆಗೆ ಯಾರು ಬರಬೇಕು?

ಅಜ್ಜಿಯೇ ಬರಲಿ. ಅಜ್ಜಿಯರು ಬಂದ ಸಭೆ ನಮಗೂ ಇಷ್ಟ. ಅಪ್ಪ-ಅವ್ವ "ನೀವ ನೋಡ್ಕೋರಿ ಸರ್" ಅಂತ ಎದ್ದು ಹೋಗುತ್ತಾರೆ, ಅಜ್ಜಿಯರು ಬಿಡದೆ ಕೇಳುತ್ತಾರೆ. ನೀವು ವಾರಕ್ಕೊಮ್ಮೆ ಮಗಳಿಗೆ ಫೋನ್ ಮಾಡಿದಾಗ "ಎಷ್ಟ ಮಾರ್ಕ್ಸ್ ಬಂತು" ಅಂತ ಶುರು ಮಾಡಬೇಡಿ. ಊಟ ಏನಾಯ್ತು ಕೇಳಿ. ಮಾರ್ಕ್ಸ್ ಅವಳೇ ಹೇಳುತ್ತಾಳೆ.

ಅಂಕದ ಲೆಕ್ಕ ಸರಿಯಾಗಿ ಹೇಳಿ. ಒಮ್ಮೆ ಫೇಲ್ ಆದರೆ ವರ್ಷ ಹೋಯಿತಾ?

ನಮ್ಮಲ್ಲಿ ನಡೆದುಬಂದ ಪದ್ಧತಿಯ ಪ್ರಕಾರ ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100. ಇದರಲ್ಲಿ ಪ್ರಥಮ ಭಾಷೆಯ 25, ಉಳಿದವುಗಳ ತಲಾ 20 ಆಂತರಿಕ ಅಂಕ. ಕೂಡಿಸಿ ನೋಡಿ, 125 ಅಂಕ ಶಾಲೆಯಲ್ಲೇ ಸಿಗುತ್ತದೆ. ಅಂದರೆ ಐದರಲ್ಲಿ ಒಂದು ಪಾಲು. ಪ್ರಾಜೆಕ್ಟ್, ಕಿರುಪರೀಕ್ಷೆ, ಚಟುವಟಿಕೆ ಎಲ್ಲ ಅದರಲ್ಲಿ ಬರುತ್ತವೆ. "ಸುಮ್ನೆ ಚಾರ್ಟ್ ಬರೆಸ್ತಾರೆ" ಅನ್ನುವವರು ಈ ಲೆಕ್ಕ ಇನ್ನೊಮ್ಮೆ ಮಾಡಲಿ.

ವರ್ಷ ಹೋಗುವ ಕಾಲ ಮುಗಿಯಿತು. 2023-24ರಲ್ಲಿ ಪರೀಕ್ಷೆ-1, 2, 3 ಅಂತ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶ ಕೊಡುವ ಪದ್ಧತಿ ಶುರುವಾಯಿತು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು, ಯಾವುದರಲ್ಲಿ ಜಾಸ್ತಿ ಬಂತೋ ಅದೇ ಉಳಿಯುತ್ತದೆ. ಇದನ್ನು ಮಗುವಿಗೆ ಮೊದಲೇ ಹೇಳಿಬಿಡಿ. ಇನ್ನೊಂದು ಸಲ ಇದೆ ಅಂದರೆ ಓದುವುದನ್ನು ಬಿಡುತ್ತಾರೆ ಅನ್ನುವ ಭಯ ಕೆಲವರಿಗೆ. ನಾನು ಅಂಥವರನ್ನು ಕಂಡಿಲ್ಲ. ಭಯ ಕಡಿಮೆಯಾಗಿ ಓದಿದವರನ್ನು ಕಂಡಿದ್ದೇನೆ.

ಕಾಪಿ ಬಗ್ಗೆ...

ಈ ಪ್ರಶ್ನೆಯನ್ನು ಯಾರೂ ಪೂರ್ತಿ ಕೇಳುವುದಿಲ್ಲ, ಅರ್ಧಕ್ಕೆ ನಿಲ್ಲಿಸಿ ನಗುತ್ತಾರೆ. 2024ರಿಂದ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡುತ್ತಿದ್ದಾರೆ. ಉತ್ತರ ಇಷ್ಟೇ.

ಹಿಂದುಳಿದ ಮಕ್ಕಳನ್ನು ಬೇರೆ ಕೂಡಿಸಿ "ಪಾಸಿಂಗ್ ಪ್ಯಾಕೇಜ್" ಮಾಡಿಸುತ್ತೀರಂತೆ?

ಮಾಡಿಸುತ್ತೇವೆ, ಆದರೆ ಬೇರೆ ಕೂಡಿಸುವುದಿಲ್ಲ. ಪಾಸಿಂಗ್ ಪ್ಯಾಕೇಜ್ ಅಂದರೆ ಖಾತ್ರಿ ಅಂಕ ಸಿಗುವ ಸುಲಭದ ಭಾಗಗಳನ್ನು ಮೊದಲು ಗಟ್ಟಿ ಮಾಡಿಸುವುದು: ಪತ್ರಲೇಖನ, ಕಂಠಪಾಠದ ಪದ್ಯ, ನಕ್ಷೆ, ವಿಜ್ಞಾನದ ಚಿತ್ರ. ಒಂದು ಕೊಠಡಿಗೆ "ಇದು ಅವರ ಕ್ಲಾಸು" ಅಂತ ಹೆಸರು ಬಿದ್ದರೆ ಆ ಮಕ್ಕಳು ಅರ್ಧ ಸೋತ ಹಾಗೆಯೇ. ಹಾಗಾಗಿ ಗುಂಪಿನಲ್ಲಿ ಎಲ್ಲ ತರಹದವರೂ ಇರುತ್ತಾರೆ.

ಇದರಿಂದ ಜಾಣ ಮಕ್ಕಳ ಟೈಮ್ ಹಾಳಲ್ವಾ ಅಂತ ಒಬ್ಬ ತಾಯಿ ನೇರವಾಗಿ ಕೇಳಿದರು. ಅವರ ಮಗಳು ನಮ್ಮ ಮೊದಲ ಸಾಲಿನವಳು. ಅವಳಿಗೇ ಕೇಳಿದೆ. "ಹೇಳಿಕೊಡೂ ಮುಂದ ನನಗ ಗೊತ್ತೈತಿ ಅಂತ ತಿಳ್ಕೊಂಡಿದ್ದೆ ಸರ್, ಹೇಳಿಕೊಡಾಕ ಹೋದಾಗ ಗೊತ್ತಿಲ್ಲ ಅಂತ ಗೊತ್ತಾತು" ಅಂದಳು. ಪೈಥಾಗೊರಸ್ ಪ್ರಮೇಯದ ಮಾತು ಅದು. ಸಾಧನೆಯ ಮೂರನೇ ಹೆಜ್ಜೆ ಯಾಕೆ ಬರುತ್ತದೆ ಅಂತ ಹಿಂದಿನ ಬೆಂಚಿನವಳು ಕೇಳಿದ್ದಳಂತೆ. ಇವಳು ಅಲ್ಲಿಯವರೆಗೆ ಬಾಯಿಪಾಠ ಮಾಡಿದ್ದಳು, ಅಷ್ಟೇ.

ಎಂಟು, ಒಂಬತ್ತನೇ ತರಗತಿ ಮಕ್ಕಳನ್ನು ಯಾರು ಕೇಳುತ್ತಾರೆ?

ಕಹಿ ಸತ್ಯ: ಫೆಬ್ರುವರಿ, ಮಾರ್ಚ್‌ನಲ್ಲಿ ನಮ್ಮ ಕಣ್ಣು ಹತ್ತನೆಯವರ ಮೇಲೇ ಇರುತ್ತದೆ. ಎಂಟನೆಯವರು ಮೈದಾನದಲ್ಲಿ ಜಾಸ್ತಿ ಇರುತ್ತಾರೆ. ಈಚೆಗೆ ಬೆಳಗಿನ ಪ್ರಾರ್ಥನೆ, ಸುದ್ದಿ ಓದು, ಗೋಡೆ ಪತ್ರಿಕೆ, ಗಂಟೆ ಹೊಡೆಯುವುದು, ಗಿಡಕ್ಕೆ ನೀರು ಎಲ್ಲ ಒಂಬತ್ತನೆಯವರಿಗೆ ವರ್ಗಾಯಿಸಿದ್ದೇವೆ. ಗಂಟೆಯ ಕೋಲು ಕೈಗೆ ಬಂದ ದಿನ ಅವರ ನಡಿಗೆಯೇ ಬದಲಾಗುತ್ತದೆ. ಅವರ ಫಲಿತಾಂಶ ಏಪ್ರಿಲ್ 10ರ ಸುಮಾರಿಗೆ "ಸಮುದಾಯದತ್ತ ಶಾಲೆ" ದಿನ ಹೇಳುತ್ತೇವೆ. ಅಂದು ದಯವಿಟ್ಟು ಬನ್ನಿ.

ಮೊಬೈಲ್?

ರಾತ್ರಿ ಒಂಬತ್ತಕ್ಕೆ ಮನೆಯಲ್ಲಿರುವ ಎಲ್ಲ ಮೊಬೈಲ್ ಒಂದೇ ಕಡೆ ಇಡಿ. ಎಲ್ಲ ಅಂದರೆ ನಿಮ್ಮದೂ.

ಹೋಳಿ ಹಲಗೆ ಸದ್ದಿನಲ್ಲಿ ಓದುವುದು ಹೇಗೆ?

ಬಾಗಲಕೋಟೆ ಹೋಳಿ ಬಗ್ಗೆ ನಮ್ಮವರಿಗೆ ಹೇಳಬೇಕಿಲ್ಲ. ಬೇರೆ ಕಡೆ ಒಂದು ದಿನದ ಬಣ್ಣ, ಇಲ್ಲಿ ದಿನಗಟ್ಟಲೆ. ಬಂಡಿ, ಟ್ರ್ಯಾಕ್ಟರ್ ತುಂಬ ಬ್ಯಾರಲ್, ಮುಂದೆ ಹಲಗೆ. ನಮ್ಮ ಹಳ್ಳಿಗಳಲ್ಲೂ ಹುಣ್ಣಿಮೆಗೆ ಮೊದಲೇ ಹುಡುಗರು ಹಲಗೆ ಕಾಯಿಸಲು ಶುರು ಮಾಡುತ್ತಾರೆ. 2024ರಲ್ಲಿ ಪರೀಕ್ಷೆ-1 ಶುರುವಾದದ್ದು ಮಾರ್ಚ್ 25ಕ್ಕೆ, ಹೋಳಿ ಹುಣ್ಣಿಮೆಯೂ ಅದೇ ದಿನ! ಆ ವರ್ಷ ನಾವು ಊರ ಹಿರಿಯರ ಹತ್ತಿರ ಹೋಗಿ ಕೂತು ಕೇಳಿಕೊಂಡೆವು. ಹಲಗೆ ನಿಲ್ಲಿಸಿ ಅನ್ನಲಿಲ್ಲ. ರಾತ್ರಿ ಒಂಬತ್ತಕ್ಕೆ ಮುಗಿಸಿ, ಶಾಲೆ ಓಣಿ ಕಡೆ ಬರಬೇಡಿ ಅಂದೆವು. ಹತ್ತನೇ ತರಗತಿ ಹುಡುಗರನ್ನು ಎಳೆದು ಬಣ್ಣ ಹಚ್ಚುವುದಿಲ್ಲ ಅಂತ ಓಣಿಯ ಹುಡುಗರೇ ಒಪ್ಪಿಕೊಂಡರು. ಕೊನೆ ಪೇಪರ್ ಮುಗಿಸಿ ಬಂದವರಿಗೆ ಬಸ್ ಸ್ಟ್ಯಾಂಡಿನಲ್ಲೇ ಕಾದು ಹಚ್ಚಿದರು, ಬಾಕಿ ಎಲ್ಲ ಸೇರಿಸಿ. ಸಮವಸ್ತ್ರ ಹಾಳಾಯಿತು ಅಂತ ಬೈದವರಿದ್ದಾರೆ. ನಾನು ನಕ್ಕೆ.

ಪರೀಕ್ಷೆ ದಿನ ಏನು ನೋಡಿಕೊಳ್ಳಬೇಕು?

ಪ್ರವೇಶ ಪತ್ರ, ಎರಡು ಪೆನ್ನು, ಪೆನ್ಸಿಲ್, ಸ್ಕೇಲು, ಕಂಪಾಸ್ ಬಾಕ್ಸ್. ಮೊಬೈಲ್, ಸ್ಮಾರ್ಟ್ ವಾಚ್ ಮನೆಯಲ್ಲಿ. ಪ್ರಶ್ನೆಪತ್ರಿಕೆ ಓದಲೆಂದೇ 15 ನಿಮಿಷ ಕೊಡುತ್ತಾರೆ, ಆ ಹೊತ್ತಲ್ಲಿ ಬರೆಯಲು ಹೊರಡಬಾರದು. ಇನ್ನೊಂದು: ಹೆಸರು, ಅಪ್ಪನ ಹೆಸರು, ಜನ್ಮದಿನಾಂಕದ ಕರಡು ಪಟ್ಟಿ ಶಾಲೆಗೆ ಬಂದಾಗ ಕರೆಸಿ ಸಹಿ ತೆಗೆದುಕೊಳ್ಳುತ್ತೇವೆ. ಆಗ ಸರಿಯಾಗಿ ಓದಿ ಸಹಿ ಮಾಡಿ. ಅಂಕಪಟ್ಟಿಯಲ್ಲಿ ಒಂದಕ್ಷರ ತಪ್ಪಿದರೆ ಮುಂದೆ ಆಧಾರ್ ಜೊತೆ ಹೊಂದದೆ ವರ್ಷಗಟ್ಟಲೆ ಓಡಾಡಬೇಕು. ನನ್ನ ಸ್ವಂತ ಅಂಕಪಟ್ಟಿಯಲ್ಲೇ ಇನಿಷಿಯಲ್ ತಪ್ಪಿದೆ, ಅದರ ಕಷ್ಟ ನನಗೆ ಗೊತ್ತು.

ಪರೀಕ್ಷೆ ಮುಗಿದ ಮೇಲೆ ಮಗಳ ಮದುವೆ ಮಾಡೋಣ ಅಂತಿದ್ದೇವೆ, ಅಲ್ಲಿಯವರೆಗೆ ಓದಲಿ.

ಇದು ಪ್ರಶ್ನೆಯ ರೂಪದಲ್ಲಿ ಬರುವುದಿಲ್ಲ, ಮಾತಿನ ನಡುವೆ ಬಂದು ಹೋಗುತ್ತದೆ. ಅಕ್ಷಯ ತೃತೀಯಕ್ಕೆ ಮುಹೂರ್ತ ನೋಡಿದ್ದೇವೆ, ಅಕ್ಕನ ಮದುವೆ ಜೊತೆಗೇ ಖರ್ಚು ಉಳಿಯುತ್ತದೆ, ಹುಡುಗ ನಮ್ಮ ತಂಗಿಯ ಮಗನೇ, ಅಂತೆಲ್ಲ. ಹದಿನೆಂಟು ತುಂಬದ ಹುಡುಗಿಯ ಮದುವೆ ಅಪರಾಧ. ಮಾಡಿಸಿದ ಅಪ್ಪ-ಅವ್ವನ ಮೇಲೂ ಕೇಸ್ ಆಗುತ್ತದೆ. ಅಷ್ಟೇ ಅಲ್ಲ, 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಫೋನ್ ಮಾಡಬಹುದು, ತರಗತಿಯ ಗೆಳತಿಯರೂ ಮಾಡಬಹುದು. ಆ ನಂಬರ್ ನಮ್ಮ ಹುಡುಗಿಯರ ಕಂಪಾಸ್ ಬಾಕ್ಸಿನ ಒಳಗೆ ಬರೆಸಿದ್ದೇವೆ. ಇದನ್ನು ಮುಚ್ಚಿಟ್ಟು ಮಾಡಿದ್ದಲ್ಲ, ನಿಮಗೂ ಗೊತ್ತಿರಲಿ ಅಂತಲೇ ಇಲ್ಲಿ ಬರೆದೆ.

ಪಿಯು ಕಾಲೇಜು ದೂರ, ಕಳಿಸಲು ಭಯ ಅಂತಾದರೆ ಅದನ್ನು ಹೇಳಿ. ಹಾಸ್ಟೆಲ್ ಅರ್ಜಿ ಹಾಕಲು, ಅದೇ ಊರಿನಿಂದ ಹೋಗುವ ಇನ್ನಿಬ್ಬರು ಹುಡುಗಿಯರನ್ನು ಜೊತೆ ಮಾಡಲು ಅಕ್ಕೋರು ಬರುತ್ತಾರೆ.

ಮಗ ಊಟ ಬಿಟ್ಟಿದ್ದಾನೆ, ರಾತ್ರಿ ಬೆಚ್ಚುತ್ತಾನೆ. ದೃಷ್ಟಿ ತೆಗೆಸಿದೆವು.

ತೆಗೆಸಿ, ನನ್ನ ಅಡ್ಡಿಯಿಲ್ಲ. ಜೊತೆಗೆ ನಮಗೂ ಹೇಳಿ. ಪರೀಕ್ಷೆಯ ಭಯ ಕೆಲವು ಮಕ್ಕಳಲ್ಲಿ ಹೊಟ್ಟೆನೋವಾಗಿ, ತಲೆಸುತ್ತಾಗಿ ಬರುತ್ತದೆ. ಪಕ್ಕದ ಮನೆಯವರ ಮಗನ ಜೊತೆ ಹೋಲಿಸುವುದನ್ನು ಇವತ್ತೇ ನಿಲ್ಲಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಲ್ಲಾದರೂ ಫೋನ್ ಮಾಡಬಹುದು, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಬೀಳ್ಕೊಡುಗೆಗೆ ದುಡ್ಡು ಎಷ್ಟು ಕೊಡಬೇಕು? ಹೊಸ ಸೀರೆ ಬೇಕು ಅಂತ ಹಟ ಮಾಡುತ್ತಿದ್ದಾಳೆ.

ದುಡ್ಡು ಕಡ್ಡಾಯ ಇಲ್ಲ. ಶಾಲೆಗೆ ಗಡಿಯಾರ, ಶಿಕ್ಷಕರಿಗೆ ಶಾಲು ಏನೂ ಬೇಡ. ಈಗಾಗಲೇ ಐದು ಗಡಿಯಾರ ಇವೆ, ಐದೂ ಐದು ಟೈಮ್ ತೋರಿಸುತ್ತವೆ. ಹುಗ್ಗಿಗೆ ಗೋದಿ, ಬೆಲ್ಲ ಕೊಡುವವರು ಕೊಡಲಿ. ಸೀರೆ ವಿಷಯಕ್ಕೆ ನಾನು ಬರುವುದಿಲ್ಲ. ಅವ್ವನ ಇಳಕಲ್ ಸೀರೆ ಉಟ್ಟು ಬಂದ ಹುಡುಗಿಯರು ಅಂದು ಎಲ್ಲರಿಗಿಂತ ಚೆನ್ನಾಗಿ ಕಾಣುತ್ತಾರೆ, ಅಷ್ಟು ಹೇಳಬಲ್ಲೆ.

ಪರೀಕ್ಷೆ ಮುಗಿದ ಮೇಲೆ ಮಕ್ಕಳು ಶಾಲೆಗೆ ಬರಬಹುದಾ?

ಬರಬಹುದು. ಬೇಸಿಗೆಯಲ್ಲಿ ನಮ್ಮ ಜಿಲ್ಲೆಯ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತವೆ, ನೀವೂ ಬಿಸಿಲೇರುವ ಮೊದಲು ಬನ್ನಿ. ಫಲಿತಾಂಶ ಬಂದ ಮೇಲೆ ಟಿಸಿಗೆ, ಪಿಯು ಅರ್ಜಿಗೆ ಹೇಗೂ ಬರಲೇಬೇಕು. ಬರುವಾಗ ಲೈಬ್ರರಿ ಪುಸ್ತಕ ತನ್ನಿ. ಹೋದ ವರ್ಷದವರದು ಹನ್ನೊಂದು ಇನ್ನೂ ಬಂದಿಲ್ಲ. ಅದರಲ್ಲಿ ಒಂದು ನನ್ನ ಸ್ವಂತದ್ದು.